ಕವಿಮನೆಯಲ್ಲಿ ಮಗಳು ಕೇಳಿದ ಪ್ರಶ್ನೆ: ಇಷ್ಟು ದೊಡ್ಡ ಮನೆಯನ್ನು ಗುಡಿಸುತ್ತಿದ್ದವರು ಯಾರು?

ಅಡಿಕೆಹಾಳೆ
ಕಳೆದ ಭಾನುವಾರ ಅಮ್ಮನನ್ನೂ ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನೂ ಕರೆದುಕೊಂಡು ಕುಪ್ಪಳ್ಳಿಗೆ ಹೋಗಿ ಬಂದೆ. ಕಾಲೇಜಿನ ದಿನಗಳಲ್ಲಿ ನಾನು ಒಮ್ಮೆ ನೋಡಿದ್ದೆ. ಅಮ್ಮ ಕೊಪ್ಪದ ಕಡೆಯವರೇ ಆದರೂ ಒಮ್ಮೆಯೂ ಹೋಗಿರಲಿಲ್ಲ. ಕುವೆಂಪು ಹುಟ್ಟಿದ ಮನೆಯನ್ನು ಮೊಮ್ಮಗಳ ಜೊತೆ ನೋಡಬೇಕೆಂದು ಅವರಿಗೆ ಬಹಳ ದಿನಗಳ ಆಸೆ.

ಮಗಳ ವಿಷಯದಲ್ಲಿ ನನಗೆ ಅಳುಕಿತ್ತು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ. ನಾಡಗೀತೆ ಬರುತ್ತದೆ, ಪಠ್ಯದಲ್ಲಿ ಒಂದೆರಡು ಪದ್ಯ ಓದಿದ್ದಾಳೆ, ಅಷ್ಟೇ. ಹೆದರಿದ್ದಂತೆಯೇ ಆಯಿತು. ಕನ್ನಡಕ, ಲೇಖನಿ, ಉಡುಪು, ಪ್ರಶಸ್ತಿಗಳು, ಪುಸ್ತಕಗಳು ಎಲ್ಲದರ ಮುಂದೆಯೂ ಸುಮ್ಮನೆ ನಡೆದು ಹೋದಳು. ಕೊನೆಗೆ ಒಳಂಗಳಕ್ಕೆ ಬಂದು ಕಂಬಕ್ಕೆ ಒರಗಿ ನಿಂತಳು. ತಲೆಯೆತ್ತಿ ಮೂರು ಅಂತಸ್ತನ್ನೂ ನಿಧಾನವಾಗಿ ನೋಡಿದಳು. "ಅಪ್ಪಾ, ಇಷ್ಟು ದೊಡ್ಡ ಮನೆಯನ್ನು ದಿನವೂ ಗುಡಿಸುತ್ತಿದ್ದವರು ಯಾರು?" ಎಂದಳು.

ನನಗೆ ಬಾಯಿ ಕಟ್ಟಿತು. ಅಮ್ಮ ಮಾತ್ರ "ಗುಡಿಸುವುದು ಆಮೇಲಿನ ಮಾತು ಮಗಳೇ, ಸಗಣಿ ಹಾಕಿ ಸಾರಿಸುತ್ತಿದ್ದವರು ಯಾರೆಂದು ಮೊದಲು ಕೇಳು" ಎಂದು ಶುರು ಮಾಡಿದರು. ಒಂದು ಗಂಟೆ ನಿಲ್ಲಿಸಲಿಲ್ಲ. ಪಾತ್ರೆ ಪಗಡಗಳ ಮುಂದೆ ನಿಂತು ಒಂದೊಂದರ ಹೆಸರು, ಅದನ್ನು ತೊಳೆಯುವ ಬಗೆ, ಅದರ ಭಾರ ಎಲ್ಲವನ್ನೂ ಹೇಳಿದರು. ಮಜ್ಜಿಗೆ ಕಡೆಯುವುದನ್ನು ತೋರಿಸಲು ಎರಡು ಕೈಗಳನ್ನೂ ಗಾಳಿಯಲ್ಲೇ ಹಿಂದೆ ಮುಂದೆ ಆಡಿಸಿದರು. ಬೆಣ್ಣೆ ಬರುವ ಹೊತ್ತಿಗೆ ಹಗ್ಗ ಎಳೆಯುವ ಸದ್ದೇ ಬದಲಾಗುತ್ತದೆಯಂತೆ. ಅಪರಿಚಿತರು ನಾಲ್ಕೈದು ಜನ ಸುತ್ತ ಸೇರಿ ಕೇಳಿಸಿಕೊಂಡರು. ಮಗಳು ಅಜ್ಜಿಯ ಸೆರಗು ಹಿಡಿದವಳು ಬಿಡಲಿಲ್ಲ.

ಬಂದ ಮೇಲೂ ಇದು ತಲೆಯಿಂದ ಹೋಗಿಲ್ಲ. ಸಾಹಿತಿಯೊಬ್ಬರ ಮನೆಗೆ ಹೋದಾಗ ನೋಡಬೇಕಾದದ್ದು ಏನು? ಮಗಳಿಗೆ ಮೊದಲು ಏನಾದರೂ ಓದಿಸಿ ಕರೆದೊಯ್ಯಬೇಕಿತ್ತೇ? ಆ ಪ್ರಶ್ನೆಗೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಹಳೆಯ ಮೇಷ್ಟ್ರು
ಎರಡು ತಿದ್ದುಪಡಿ, ಬೇಸರ ಮಾಡಿಕೊಳ್ಳಬೇಡಿ. ಕುವೆಂಪು ಹುಟ್ಟಿದ್ದು ಆ ಮನೆಯಲ್ಲಲ್ಲ. 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಈ ಮನೆಯಲ್ಲಿ. ನಿಮ್ಮ ತಾಯಿ ಕೊಪ್ಪದ ಕಡೆಯವರೆಂದಿರಿ. ಹಾಗಾದರೆ ಕವಿ ಹುಟ್ಟಿದ್ದು ಅವರ ಸೀಮೆಯಲ್ಲೇ ಎಂದು ಹೇಳಿ, ಸಂತೋಷಪಡುತ್ತಾರೆ.

ಎರಡನೆಯದು, ಊರಿನ ಹೆಸರು ಕುಪ್ಪಳಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲಕ್ಷರಗಳು ಸೇರಿ ಕುವೆಂಪು ಆಯಿತು. ಎಲ್ಲ ಊರಿನ ಹೆಸರಿಗೂ ಹಳ್ಳಿ ಅಂಟಿಸುವ ಅಭ್ಯಾಸ ನಮಗೆ ಬಂದುಬಿಟ್ಟಿದೆ.

ಅಡಿಕೆಹಾಳೆ
ತಿದ್ದಿಕೊಂಡೆ ಮೇಷ್ಟ್ರೇ. ಅಮ್ಮನಿಗೆ ಈಗಲೇ ಹೇಳಿದೆ. ಹಿರೇಕೊಡಿಗೆಯಲ್ಲಿ ತಮಗೆ ನೆಂಟರಿದ್ದರು ಎನ್ನುತ್ತಿದ್ದಾರೆ.

ಮುಂಗಾರು
ಮಗಳಿಗೆ ನನ್ನ ಲೆಕ್ಕದಲ್ಲಿ ಒಂದು ಹೋಳಿಗೆ ಕೊಡಿಸಿ. ಅಂಥ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲವಲ್ಲ.

ಪುಟಗುರುತು
ಓದಿಯೇ ಹೋಗಬೇಕು. ನನಗೆ ಇದರಲ್ಲಿ ಅನುಮಾನವೇ ಇಲ್ಲ. ಓದದೆ ಹೋದರೆ ಅದು ಮಲೆನಾಡಿನ ಒಂದು ಹಳೆಯ ತೊಟ್ಟಿಮನೆ, ಅಷ್ಟೇ. ಅಂಥ ಮನೆಗಳು ಆ ತಾಲ್ಲೂಕಿನಲ್ಲಿ ಬೇರೆಯೂ ಇವೆ. 'ಕಾನೂರು ಹೆಗ್ಗಡಿತಿ' ಓದಿದವನಿಗೆ ಆ ಜಗಲಿ, ಆ ಉಪ್ಪರಿಗೆ, ಆ ಹಿತ್ತಿಲ ಬಾಗಿಲು ಬರಿಯ ಮರಮುಟ್ಟು ಅಲ್ಲ. ಜಗಲಿಯಲ್ಲಿ ನಿಂತರೆ ಯಾರೋ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾರೆ ಅನ್ನಿಸುತ್ತದೆ. ಆ ಅನುಭವವನ್ನು ಮಗುವಿನಿಂದ ಕಿತ್ತುಕೊಳ್ಳುವುದು ಏಕೆ? ಎರಡು ವರ್ಷ ಕಾದು, ಒಂದಿಷ್ಟು ಓದಿಸಿ, ಆಮೇಲೆ ಕರೆದೊಯ್ಯಬಹುದಿತ್ತು.

ಸೀಗೆಬಳ್ಳಿ
ನಾನು ಒಪ್ಪುವುದಿಲ್ಲ. ನನಗೆ ಹನ್ನೆರಡು ವರ್ಷವಿದ್ದಾಗ ಶಾಲೆಯವರು ಪ್ರವಾಸಕ್ಕೆ ಕರೆದೊಯ್ದಿದ್ದರು. ಒಂದು ಅಕ್ಷರವೂ ಓದಿರಲಿಲ್ಲ. ಆ ಮನೆಯ ಮೇಲಂತಸ್ತಿನ ಕಿಟಕಿಯಲ್ಲಿ ನಿಂತಾಗ ಕಂಡ ಕಾಡು ಮಾತ್ರ ಕಣ್ಣಿನಲ್ಲಿ ಉಳಿಯಿತು. ಹತ್ತು ವರ್ಷದ ನಂತರ ಕಾದಂಬರಿ ಕೈಗೆ ಬಂದಾಗ ಆ ಕಿಟಕಿಯಿಂದಲೇ ಇಡೀ ಕಥೆಯನ್ನು ನೋಡಿದೆ. ಮೊದಲು ಮನೆ ನೋಡಿದ್ದರಿಂದಲೇ ನಾನು ಓದುಗಳಾದೆ. ಎರಡು ವರ್ಷ ಕಾದಿದ್ದರೆ ಅಜ್ಜಿಯ ಕಾಲು ಏನಾಗಿರುತ್ತಿತ್ತೋ. ಅದನ್ನೂ ಯೋಚಿಸಿ.

ಪುಟಗುರುತು
ಅಜ್ಜಿಯ ವಿಷಯ ಒಪ್ಪಿದೆ. ಉಳಿದದ್ದು ಇಲ್ಲ.

ಗೊರಬು
ಬಹಳ ಹೊತ್ತು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಅಜ್ಜ, ಅಜ್ಜಿ ಇಬ್ಬರೂ ತೀರ್ಥಹಳ್ಳಿ ಕಡೆಯ ಒಂದು ದೊಡ್ಡ ಮನೆಯ ಗದ್ದೆಯಲ್ಲಿ ದುಡಿದವರು. ಕುಪ್ಪಳಿಯ ಮನೆಯಲ್ಲ, ಬೇರೆ. ಮನೆಯ ಕಟ್ಟೋಣ ಮಾತ್ರ ಅದೇ. ಆ ಮನೆಯ ಕಂಬ ಎಷ್ಟು, ಚೌಕಿ ಹೇಗಿದೆ ಎಂದು ಅಜ್ಜನಿಗೆ ಗೊತ್ತಿರಲಿಲ್ಲ. ಅವರು ನಿಲ್ಲುತ್ತಿದ್ದದ್ದು ಹೊರಗಿನ ಅಂಗಳದಲ್ಲಿ. ಜಗಲಿ ಹತ್ತುವಂತಿರಲಿಲ್ಲ.

ಮೊದಲ ಬಾರಿ ನಾನು ಕವಿಮನೆಗೆ ಹೋದಾಗ ಬಾಗಿಲಲ್ಲಿ ಒಂದು ಕ್ಷಣ ಕಾಲು ತಡೆಯಿತು. ಒಳಗೆ ಬನ್ನಿ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕಾದೆ. ಸಾಲಿನಲ್ಲಿ ಹಿಂದಿದ್ದವರು "ನಡೆಯಿರಿ ಸರ್" ಎಂದ ಮೇಲೆ ಒಳಗೆ ಹೋದೆ. ಎಲ್ಲವನ್ನೂ ನೋಡಿದೆ, ಉಪ್ಪರಿಗೆಯನ್ನೂ ಹತ್ತಿದೆ. ಅಜ್ಜ ಕಾಣದ್ದನ್ನು ಅವರ ಪರವಾಗಿ ನೋಡುತ್ತಿದ್ದೇನೆ ಅನ್ನಿಸಿತು.

ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರ ಇದು: ಒಳಗೆ ಗುಡಿಸಿದವರು ಮನೆಯ ಹೆಣ್ಣುಮಕ್ಕಳು. ಹೊರಗಿನ ಅಂಗಳ, ಕೊಟ್ಟಿಗೆ, ಕಣ ಗುಡಿಸಿದವರು ನನ್ನ ಅಜ್ಜಿಯಂಥವರು. ಅವರ ವಸ್ತುಗಳು ಯಾವ ಮನೆಯಲ್ಲೂ ಉಳಿಯಲಿಲ್ಲ. ಗೊರಬು ಎಂದರೆ ಎಷ್ಟು ಜನಕ್ಕೆ ಗೊತ್ತು? ಬಿದಿರಿನ ಸೀಳುಗಳ ನಡುವೆ ಎಲೆಗಳನ್ನು ಹಾಸಿ ನೇಯುವ ಮಳೆಯ ಹೊದಿಕೆ. ತಲೆಯಿಂದ ಸೊಂಟದವರೆಗೆ ಬೆನ್ನ ಮೇಲೆ ಮಲಗುತ್ತದೆ. ಅದರಿಂದ ಎರಡೂ ಕೈ ಬಿಡುವಾಗಿ, ಬಾಗಿ ಸಸಿ ನೆಡಬಹುದು. ಅಜ್ಜಿಯ ಗೊರಬು ಮಳೆಗಾಲ ಮುಗಿದ ಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿತ್ತು, ಹೊಗೆ ಕುಡಿದರೆ ಹುಳ ಬರುವುದಿಲ್ಲ ಎಂದು. ಅವರು ಹೋದ ವರ್ಷ ಮಾಡು ಸೋರಿ ಅದೂ ಕೊಳೆತು ಹೋಯಿತು.

ಸೀಗೆಬಳ್ಳಿ
ಇದನ್ನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ ಅಣ್ಣ.

ನೇರನುಡಿ
ಕ್ಷಮಿಸಿ, ನನಗೆ ಈ ದಾರಿ ಸರಿ ಕಾಣುತ್ತಿಲ್ಲ. ಅದು ಕವಿಯ ನೆನಪಿಗಾಗಿ ಪ್ರತಿಷ್ಠಾನ ಕಾಪಾಡಿಕೊಂಡು ಬಂದಿರುವ ಮನೆ. ಅಲ್ಲಿಗೆ ಹೋಗಿ ಜಮೀನ್ದಾರಿಕೆಯ ಲೆಕ್ಕ ಕೇಳುವುದು ಯಾಕೆ? ಬೇರೆ ಯಾರೂ ಬಾಯಿ ಬಿಡದ ಕಾಲದಲ್ಲಿ, ಅದೇ ವರ್ಗದಲ್ಲಿ ಹುಟ್ಟಿ, ಆ ವರ್ಗದ ವಿರುದ್ಧ ಬರೆದವರು ಅವರು. ಅವರ ಮನೆಯ ಬಾಗಿಲಲ್ಲೇ ಈ ಪ್ರಶ್ನೆ ಎತ್ತುವುದು ನ್ಯಾಯವಲ್ಲ.

ಗೊರಬು
ನಾನು ಕವಿಯ ಮೇಲೆ ಆಪಾದನೆ ಮಾಡಿಲ್ಲ, ಇನ್ನೊಮ್ಮೆ ಓದಿ. ನಮ್ಮ ಮನೆಯಲ್ಲಿ ದೇವರ ಪಟದ ಪಕ್ಕ ಕುವೆಂಪು ಪಟವಿದೆ. ಅಪ್ಪ ತಂದು ಹಾಕಿದ್ದು. ಅವರು ಬರೆದಿದ್ದರಿಂದಲೇ ನನಗೆ ಈ ಪ್ರಶ್ನೆ ಕೇಳುವ ಧೈರ್ಯ ಬಂದದ್ದು. 'ಮಲೆಗಳಲ್ಲಿ ಮದುಮಗಳು' ಶುರುವಾಗುವುದು ಯಾರಿಂದ? ಸಿಂಬಾವಿ ಹೆಗ್ಗಡೆಯವರಿಂದಲ್ಲ, ಅವರ ಜೀತದಾಳು ಗುತ್ತಿಯಿಂದ. ಗುತ್ತಿ ಮತ್ತು ಅವನ ನಾಯಿ ಹುಲಿಯ. ಅಷ್ಟು ದೊಡ್ಡ ಕಾದಂಬರಿಯ ಹೆಬ್ಬಾಗಿಲಲ್ಲಿ ಅವರು ಗುತ್ತಿಯನ್ನು ನಿಲ್ಲಿಸಿದ್ದಾರೆ. ಮನೆಯನ್ನು ನೋಡುವಾಗಲೂ ಅವನನ್ನು ನೆನೆಯೋಣ ಎಂದಷ್ಟೇ ಹೇಳಿದ್ದು.

ಪುಟಗುರುತು
ಮಗಳ ಪ್ರಶ್ನೆಗೆ ಕವಿಯೇ ಉತ್ತರ ಬರೆದಿಟ್ಟಿದ್ದಾರೆ ಎಂಬುದು ಈಗ ಹೊಳೆಯಿತು. 'ಜಲಗಾರ', 1928ರ ನಾಟಕ. ಬೀದಿ ಗುಡಿಸುವವನೇ ನಾಯಕ. ಎಲ್ಲರೂ ಶಿವರಾತ್ರಿಗೆ ಗುಡಿಯ ಕಡೆ ಹೋಗುತ್ತಿರುವಾಗ ಅವನು ತನ್ನ ಕೆಲಸ ಬಿಟ್ಟು ಹೋಗುವುದಿಲ್ಲ. ಶಿವನೇ ಜಲಗಾರನಾಗಿ ಅವನ ಬಳಿ ಬರುತ್ತಾನೆ. ಚಿಕ್ಕ ನಾಟಕ, ಆರನೆಯ ತರಗತಿಯ ಮಗುವಿಗೆ ದೊಡ್ಡವರು ಜೊತೆಗೆ ಕೂತು ಓದಿ ಹೇಳಬಹುದು.

ಸೀಗೆಬಳ್ಳಿ
ಒಳ್ಳೆಯ ನೆನಪು. ಆದರೆ ಅದು ಬೀದಿಯ ಜಲಗಾರ. ಮನೆಯೊಳಗೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗುಡಿಸಿದವಳ ಬಳಿಗೆ ಯಾವ ಶಿವನೂ ಬಂದಂತಿಲ್ಲ.

ಪುಟಗುರುತು
ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ ಅಕ್ಕ.

ಲೀಡ್ಸ್ ಕನ್ನಡತಿ
ನೀವೆಲ್ಲ ಮಾತಾಡುತ್ತಿರುವುದನ್ನು ಓದಿ ಇಲ್ಲಿನ ಒಂದು ಮನೆ ನೆನಪಾಯಿತು. ನಾನಿರುವ ಲೀಡ್ಸ್‌ನಿಂದ ದೂರವಿಲ್ಲ, ಯಾರ್ಕ್‌ಷೈರಿನ ಹಾವರ್ತ್ ಎಂಬ ಗುಡ್ಡದ ಊರು. ಷಾರ್ಲೆಟ್, ಎಮಿಲಿ, ಆನ್ ಎಂಬ ಬ್ರಾಂಟಿ ಸಹೋದರಿಯರು ಬೆಳೆದು, ಬರೆದ ಮನೆ. ತಂದೆ ಪಾದ್ರಿ. 1928ರಿಂದ ಅದು ವಸ್ತುಸಂಗ್ರಹಾಲಯ. ಈ ಮಕ್ಕಳು ಬರೆಯುತ್ತಲೂ ಇದ್ದರು, ಚಿತ್ರವನ್ನೂ ಬಿಡಿಸುತ್ತಿದ್ದರು. ಅಣ್ಣತಮ್ಮ ಎಂದು ಇದ್ದವನು ಬ್ರಾನ್‌ವೆಲ್ ಒಬ್ಬನೇ. ಅವನು ಚಿತ್ರಕಾರನೇ ಆಗಲು ಹೊರಟಿದ್ದ. ಅವರು ಚಿಕ್ಕಂದಿನಲ್ಲಿ ಮಾಡಿದ, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಪುಟ್ಟ ಪುಸ್ತಕಗಳನ್ನು ಅಲ್ಲಿ ನೋಡಬಹುದು. ಅಕ್ಷರ ಎಷ್ಟು ಸಣ್ಣದೆಂದರೆ ಬರಿಗಣ್ಣಿಗೆ ಓದಲಾಗುವುದಿಲ್ಲ.

ಹೇಳಲು ಬಂದದ್ದು ಅದಲ್ಲ. ಆ ಮನೆಯಲ್ಲಿ ಟ್ಯಾಬಿತಾ ಅಕ್ರಾಯ್ಡ್ ಎಂಬ ಹೆಂಗಸು ಸುಮಾರು ಮೂವತ್ತು ವರ್ಷ ಕೆಲಸ ಮಾಡಿದರು. ಎಲ್ಲರ ಬಾಯಲ್ಲೂ ಟ್ಯಾಬಿ. ಅಡುಗೆಮನೆಯಲ್ಲಿ ಆ ಮಕ್ಕಳಿಗೆ ಊರಿನ ಹಳೆಯ ಕಥೆಗಳನ್ನು ಹೇಳಿದವರು ಅವರು. ಅವರ ಕಾಲು ಮುರಿದಾಗ ಬೇರೆ ಕಡೆ ಕಳಿಸಬೇಕೆಂದು ದೊಡ್ಡವರು ಹೇಳಿದರಂತೆ. ಮಕ್ಕಳು ಊಟ ಬಿಟ್ಟು ಹಠ ಹಿಡಿದು ತಾವೇ ಆರೈಕೆ ಮಾಡಿದರು. ಅಲ್ಲಿನ ಅಡುಗೆಮನೆಯಲ್ಲಿ ನಿಂತಾಗ ಟ್ಯಾಬಿಯ ಹೆಸರು ಬಾರದೆ ಇರುವುದಿಲ್ಲ. ಅವರ ಸಮಾಧಿಯೂ ಆ ಊರಿನ ಇಗರ್ಜಿಯ ಅಂಗಳದಲ್ಲೇ ಇದೆ. ನಾನು ಒಮ್ಮೆ ಹೋದಾಗ ಕಲ್ಲಿನ ಬುಡದಲ್ಲಿ ಯಾರೋ ಹೀದರ್ ಹೂವಿನ ಕಡ್ಡಿ ಇಟ್ಟಿದ್ದರು. ಗೊರಬು ಅಣ್ಣನ ಅಜ್ಜಿಯ ವಿಷಯ ಓದಿದಾಗ ಆ ಕಡ್ಡಿ ಕಣ್ಣಿಗೆ ಬಂತು.

ನೇರನುಡಿ
ಇದು ನನಗೆ ಗೊತ್ತಿರಲಿಲ್ಲ. ಲೇಖಕಿಯರ ಗೌರವಕ್ಕೆ ಕುಂದಾಗದಂತೆ ಕೆಲಸದವರ ಹೆಸರನ್ನೂ ಹೇಳಬಹುದು ಎಂದಾಯಿತು. ಗೊರಬು ಅವರೇ, ನಾನು ಸ್ವಲ್ಪ ಜೋರಾಗಿ ಮಾತಾಡಿದೆ. ಆದರೂ ಒಂದು ಮಾತು ಬಿಡುವುದಿಲ್ಲ. ಟ್ಯಾಬಿ ಒಬ್ಬರು, ಅವರ ಹೆಸರು ಪತ್ರಗಳಲ್ಲಿ ಉಳಿದಿದೆ. ನಮ್ಮ ಕಡೆ ನೂರಾರು ಜನ, ಹೆಸರು ಬರೆದಿಟ್ಟವರಿಲ್ಲ. ಏನನ್ನು ಇಡುತ್ತೀರಿ, ಹೇಗೆ ತೋರಿಸುತ್ತೀರಿ?

ಗೊರಬು
ಗೊರಬು ನೇಯುವವರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಅಲ್ಲಿಂದ ಶುರು ಮಾಡಬಹುದು.

ಪುತ್ತೂರ ಗುಡ್ಡೆ
ಎಲ್ಲರೂ ಕುಪ್ಪಳಿಯಲ್ಲೇ ನಿಂತಿದ್ದೀರಿ. ಒಮ್ಮೆ ಘಟ್ಟ ಇಳಿದು ನಮ್ಮ ಪುತ್ತೂರಿಗೂ ಬನ್ನಿ. ಪರ್ಲಡ್ಕದ ಬಾಲವನ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬದುಕಿದ್ದು ಪುತ್ತೂರಿನಲ್ಲಿ. ಬರಹಗಾರ ಮತ್ತು ಕಲಾವಿದ ಎರಡೂ ಒಂದೇ ಮೈಯಲ್ಲಿ ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಅವರಿಗಿಂತ ಬೇರೆ ಉದಾಹರಣೆ ಬೇಕೇ? ಕಾದಂಬರಿ ಬರೆದರು, ಗೆಜ್ಜೆ ಕಟ್ಟಿ ಕುಣಿದರು, ಚಿತ್ರ ಬಿಡಿಸಿದರು, ಮೂಕಿ ಸಿನಿಮಾಕ್ಕೂ ಕೈ ಹಾಕಿದರು. ಯಕ್ಷಗಾನಕ್ಕೆ ವಯಲಿನ್, ಸ್ಯಾಕ್ಸೊಫೋನ್ ತಂದು ಬೈಸಿಕೊಂಡರು. ಮಕ್ಕಳಿಗಾಗಿ ಮೂರು ಸಂಪುಟದ 'ಬಾಲಪ್ರಪಂಚ', ದೊಡ್ಡವರಿಗಾಗಿ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ' ಒಬ್ಬರೇ ಮಾಡಿದರು. ತುರ್ತುಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನು ಹಿಂದಿರುಗಿಸಿದರು.

ಅಂಥವರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲ. ಬಾಲವನದಲ್ಲಿ ಅವರ ಮನೆಯೂ ಇದೆ, ನಾಟ್ಯಶಾಲೆಯೂ ಇದೆ. ನಾನು ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ನಾಟ್ಯಶಾಲೆಗೆ ಬಿಡುತ್ತೇನೆ. ಅಲ್ಲಿ ಕಾಲು ತಾನಾಗಿ ಕುಣಿಯುತ್ತದೆ. ಹೊರಗೆ ಮರಗಳ ಕೆಳಗೆ ಓಡಾಡಿದ ಮೇಲೆ ಮನೆ ತೋರಿಸಿದರೆ "ಈ ಅಜ್ಜ ಇಲ್ಲಿ ಏನು ಮಾಡುತ್ತಿದ್ದರು" ಎಂದು ಅವರೇ ಕೇಳುತ್ತಾರೆ. ಓದಿ ಹೋಗಬೇಕೇ, ಹೋಗಿ ಓದಬೇಕೇ ಎಂದು ಇಲ್ಲಿ ಜಗಳ ನಡೆಯುತ್ತಿದೆ. ನನ್ನ ಪ್ರಕಾರ ಮಕ್ಕಳು ಮೊದಲು ಕುಣಿಯಬೇಕು.

ಹಳೆಯ ಮೇಷ್ಟ್ರು
ಕೋಟತಟ್ಟಿನಲ್ಲಿರುವ ಕಾರಂತ ಥೀಮ್ ಪಾರ್ಕನ್ನೂ ಸೇರಿಸಿ. ಹುಟ್ಟೂರಿನವರೂ ಅವರನ್ನು ಬಿಟ್ಟುಕೊಟ್ಟಿಲ್ಲ.

ಪುತ್ತೂರ ಗುಡ್ಡೆ
ಸೇರಿಸಿದೆ ಮೇಷ್ಟ್ರೇ. ಆದರೆ ಅವರು ಕುಣಿದು ದಣಿದದ್ದು ನಮ್ಮ ಗುಡ್ಡೆಯಲ್ಲಿ.

ಚಿತ್ತಾರ
ಕಲಾವಿದರ ಮಾತು ಬಂದಿದ್ದರಿಂದ ಹೇಳುತ್ತೇನೆ. ಕುಪ್ಪಳಿಗೆ ಹೋದವರು ಮನೆ ನೋಡಿ ಹಿಂದಿರುಗಿಬಿಟ್ಟರೆ ಅರ್ಧವೇ ನೋಡಿದಂತೆ. ಗುಡ್ಡದ ಮೇಲೆ ಕವಿಶೈಲವಿದೆ. 1994ರ ನವೆಂಬರಿನಲ್ಲಿ ಕುವೆಂಪು ತೀರಿಕೊಂಡ ಮೇಲೆ ಅಂತ್ಯಸಂಸ್ಕಾರ ನಡೆದ ಜಾಗ. ಸುತ್ತ ನಿಲ್ಲಿಸಿರುವ ಬೃಹತ್ ಕಲ್ಲುಗಳ ರಚನೆ ಚಿತ್ರಕಲಾವಿದ ಕೆ. ಟಿ. ಶಿವಪ್ರಸಾದ್ ಅವರದು. ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ, ಟಿ. ಎಸ್. ವೆಂಕಣ್ಣಯ್ಯ ಅವರ ಹೆಸರುಗಳನ್ನು ಕೊರೆದಿರುವುದನ್ನೂ ಹುಡುಕಿ ನೋಡಿ. ಗುರುಗಳು ಮತ್ತು ಶಿಷ್ಯ ಒಂದೇ ಕಲ್ಲಿನಲ್ಲಿ.

ಪೂರ್ಣಚಂದ್ರ ತೇಜಸ್ವಿಯವರ ಸ್ಮಾರಕವೂ ಕುಪ್ಪಳಿಯಲ್ಲೇ ಇದೆ. ತಂದೆ ಕಾಡನ್ನು ಪದ್ಯದಲ್ಲಿ ಕಂಡರು. ಮಗ ಕುಂಚದಲ್ಲೂ ಕ್ಯಾಮೆರಾದಲ್ಲೂ ಕಂಡರು. ಹಕ್ಕಿಗಾಗಿ ಗಂಟೆಗಟ್ಟಲೆ ಅಲುಗಾಡದೆ ಕೂತವರ ಚಿತ್ರಗಳು ಅವು. ನಾನು ಚಿತ್ರ ಕಲಿಸುವವಳು. ಆ ಹಕ್ಕಿಗಳನ್ನು ನೋಡಿಯೇ ಬಣ್ಣ ಕಲಿತೆ.

ನೇರನುಡಿ
ಕವಿಶೈಲದ ಕಲ್ಲುಗಳು ನನಗೆ ಇವತ್ತಿಗೂ ಒಗ್ಗಿಲ್ಲ. ಕವಿಗೆ ಆ ಬಂಡೆ, ಆ ಸೂರ್ಯಾಸ್ತ ಸಾಕಾಗಿತ್ತು. ಮನುಷ್ಯರು ಏನನ್ನೂ ನಿಲ್ಲಿಸದಿದ್ದರೆ ಚೆನ್ನಾಗಿತ್ತು.

ಚಿತ್ತಾರ
ಮಳೆ ನಿಂತ ಮರುಗಳಿಗೆ ಹೋಗಿ ನೋಡಿ. ಕಲ್ಲಿನ ಮೇಲೆ ಪಾಚಿ ಬೆಳೆದಿರುತ್ತದೆ, ಮಂಜು ನಡುವೆ ಹಾದು ಹೋಗುತ್ತದೆ. ಮನುಷ್ಯರು ನಿಲ್ಲಿಸಿದ್ದು ಅನ್ನಿಸುವುದೇ ಇಲ್ಲ. ನಾನು ನಾಲ್ಕು ಬಾರಿ ಚಿತ್ರ ಬರೆಯಲು ಕೂತಿದ್ದೇನೆ, ನಾಲ್ಕು ಬಾರಿಯೂ ಬೇರೆಯಾಗಿಯೇ ಬಂದವು.

ಮುಂಗಾರು
ಮಳೆಗಾಲದಲ್ಲಿ ಹೋಗುವವರು ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಸುಣ್ಣ ಅಥವಾ ಹೊಗೆಸೊಪ್ಪಿನ ಪುಡಿ ಇಟ್ಟುಕೊಳ್ಳಿ. ಕಲ್ಲು ಜಾರುತ್ತದೆ, ವಯಸ್ಸಾದವರಿಗೆ ಕೈ ಹಿಡಿಯಲು ಒಬ್ಬರು ಬೇಕು. ತೀರ್ಥಹಳ್ಳಿ–ಕೊಪ್ಪ ದಾರಿಯಲ್ಲಿ ಗಡಿಕಲ್ಲಿನ ಕಡೆ ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ನನ್ನ ಮಾತು ಕೇಳುವುದಾದರೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಅಡಿಕೆ ಕೊಯ್ಲಿನ ಕಾಲ, ಊರೆಲ್ಲ ಅಡಿಕೆ ಬೇಯುವ ವಾಸನೆ.

ಹೊಸಿಲು
ವಿಷಯಾಂತರ ಮಾಡುತ್ತಿದ್ದೇನೆ, ಕ್ಷಮಿಸಿ. ನಮ್ಮ ಮದುವೆ ಕುಪ್ಪಳಿಯ ಹೇಮಾಂಗಣದಲ್ಲಿ ಮಂತ್ರಮಾಂಗಲ್ಯದ ಪ್ರಕಾರ ಆಯಿತು. ಕುವೆಂಪು ರೂಪಿಸಿದ ಸರಳ ಮದುವೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯಿಂದ ಅದು ಶುರುವಾಯಿತು. ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಗಂಡು ಹೆಣ್ಣು ಇಬ್ಬರೂ ಎಲ್ಲರ ಮುಂದೆ ಪ್ರತಿಜ್ಞೆ ಓದುವುದು. ನಮ್ಮ ಮಾವ ಮೊದಲು ಒಪ್ಪಿರಲಿಲ್ಲ. ಮದುವೆಯ ದಿನ ಬೆಳಿಗ್ಗೆ ಒಬ್ಬರೇ ಕವಿಮನೆಯೊಳಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಅಲ್ಲಿ ಕವಿಯ ಮದುವೆಯ ಮಂಟಪವನ್ನು ಇಟ್ಟಿದ್ದಾರಲ್ಲ, ಅದರ ಮುಂದೆ ನಿಂತಿದ್ದರಂತೆ. ಹೊರಗೆ ಬಂದು ಪಂಚೆ ಸರಿ ಮಾಡಿಕೊಂಡು ಮೊದಲ ಸಾಲಿನಲ್ಲಿ ಕೂತರು. ಯಾಕೆ ಮನಸ್ಸು ಬದಲಾಯಿತು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸೀಗೆಬಳ್ಳಿ
ಇದಕ್ಕಿಂತ ಒಳ್ಳೆಯ ವಿಷಯಾಂತರ ಬೇಡ.

ಯಾದವಗಿರಿ
ಮನೆ ಉಳಿಸಿಕೊಳ್ಳುವುದೇ ಎಷ್ಟು ಕಷ್ಟ ಎಂಬುದನ್ನು ಮರೆಯಬೇಡಿ. ನಮ್ಮ ಮೈಸೂರಿನಲ್ಲಿ ಆರ್. ಕೆ. ನಾರಾಯಣ್ ಅವರ ಮನೆ 2011ರಲ್ಲಿ ನೆಲಸಮವಾಗುವುದರಲ್ಲಿತ್ತು. ಜನ ದನಿ ಎತ್ತಿದ್ದರಿಂದ ನಿಂತಿತು. ದುರಸ್ತಿಯಾಗಿ 2016ರಲ್ಲಿ ಸಂಗ್ರಹಾಲಯವಾಯಿತು. ಉಳಿದ ಮೇಲೆಯೂ ಕಾಯಬೇಕು. ಕವಿಮನೆಯಲ್ಲೇ 2015ರ ನವೆಂಬರಿನಲ್ಲಿ ಕಳ್ಳತನವಾಗಿ ಪದ್ಮ ಪದಕಗಳು ಹೋದವು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೆಟ್ಟುಗತ್ತಿ
ನನಗೆ ಎಪ್ಪತ್ತಮೂರು ವರ್ಷ. ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ. ಮುಂಗಾರು ಅವರು ಅಡಿಕೆ ಬೇಯುವ ವಾಸನೆ ಎಂದದ್ದಕ್ಕೆ ಬರೆಯಬೇಕೆನಿಸಿತು.

ನಾನು ಹುಟ್ಟಿದ್ದೂ ಅಂಥದೇ ಚೌಕಿಮನೆಯಲ್ಲಿ. ನೋಡುವವರಿಗೆ ಅಂಗಳ ಖಾಲಿ ಜಾಗ. ಕೊಯ್ಲಿನ ಎರಡು ತಿಂಗಳು ಅದು ಖಾಲಿ ಇರುತ್ತಿರಲಿಲ್ಲ. ಸಂಜೆ ಊಟವಾದ ಮೇಲೆ ಲಾಟೀನು ಇಟ್ಟು ಅಡಿಕೆ ಸುಲಿಯಲು ಕೂರುತ್ತಿದ್ದರು. ಮರದ ಮಣೆಗೆ ಕಬ್ಬಿಣದ ಕತ್ತಿ ನೆಟ್ಟಗೆ ನಿಲ್ಲಿಸಿರುತ್ತದೆ, ಅದು ಮೆಟ್ಟುಗತ್ತಿ. ಕಾಯಿಯನ್ನು ಕತ್ತಿಗೆ ಒತ್ತಿ ತಿರುಗಿಸಬೇಕು. ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ ಬೀಳಬೇಕು. ಚೆನ್ನಾಗಿ ಬಲ್ಲವರು ಕಣ್ಣು ಮುಚ್ಚಿಯೇ ಸುಲಿಯುತ್ತಿದ್ದರು. ನಿದ್ದೆ ಬಂದರೆ ಬೆರಳು ಹೋಗುತ್ತದೆ. ಅದಕ್ಕೇ ಕಥೆ, ಹಾಡು, ಒಗಟು. ಒಬ್ಬರ ಕಥೆ ಮುಗಿಯುವ ಮೊದಲೇ ಇನ್ನೊಬ್ಬರು ಎತ್ತಿಕೊಳ್ಳಬೇಕು. ಯಾವ ಪುಸ್ತಕದಲ್ಲೂ ಇಲ್ಲದ ಕಥೆಗಳು. ಹೇಳುತ್ತಿದ್ದವರು ಹೆಚ್ಚಿನವರು ಕೆಲಸಕ್ಕೆ ಬಂದ ಹೆಂಗಸರು.

ಬೆಳಿಗ್ಗೆ ಎದ್ದರೆ ಕೈ ಕಪ್ಪು. ಚೊಗರು ಹತ್ತಿದ ಕೈ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಒಂದು ವರ್ಷ ನೆಂಟರ ಮನೆಯ ಮದುವೆಗೆ ಹೋದಾಗ ಪೇಟೆಯ ಹುಡುಗಿಯರು ನನ್ನ ಬೆರಳು ನೋಡಿ ನಕ್ಕರು. ನಾನು ಊಟದ ಪಂಕ್ತಿಯಲ್ಲಿ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದೆ. ಬಲಗೈಯನ್ನು ಹೇಗೆ ಮುಚ್ಚುವುದು?

ಲೀಡ್ಸಿನ ಹುಡುಗಿ ಬರೆದಿದ್ದಾಳಲ್ಲ, ಟ್ಯಾಬಿ ಹೇಳಿದ ಕಥೆ ಕೇಳಿ ಆ ಮಕ್ಕಳು ಬೆಳೆದರು ಎಂದು. ಇಲ್ಲಿನ ಕವಿಯೂ ಅಂಥ ಅಂಗಳದಲ್ಲಿ ಎಷ್ಟು ಕೇಳಿಸಿಕೊಂಡಿರಬೇಕು! ಅವರ ಪುಸ್ತಕ ಓದುವಾಗ ಆ ಹೆಂಗಸರ ಮಾತಿನ ವರಸೆ ನನಗೆ ಕೇಳಿಸುತ್ತದೆ.

ಪುಟಗುರುತು
ಅಮ್ಮಾ, ನಾನು ಇಷ್ಟು ವರ್ಷ ಓದಿದವನು, ನಿಮ್ಮ ಕಿವಿಗೆ ಕೇಳಿಸಿದ್ದು ನನಗೆ ಕೇಳಿಸಿರಲಿಲ್ಲ. ಓದಿಯೇ ಹೋಗಬೇಕು ಎಂದೆ. ಓದುವ ಮೊದಲು ನಿಮ್ಮಂಥವರ ಬಳಿ ಕೂರಬೇಕಿತ್ತು.

ಮೆಟ್ಟುಗತ್ತಿ
ಈಗಲೂ ಬನ್ನಿ. ಮನೆಯ ಅಡಿಕೆ ಈಗ ಯಂತ್ರದಲ್ಲಿ ಸುಲಿಯುತ್ತಾರೆ, ನನಗೆ ಬಿಡುವಿದೆ.

ರಾತ್ರಿರಾಣಿ
2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ 'ಮಲೆಗಳಲ್ಲಿ ಮದುಮಗಳು' ರಂಗದ ಮೇಲೆ ಬಂತು. ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆ. ನಾನು ಕಂಬಳಿ ಹೊದ್ದು ನೋಡಿದೆ. ತುಂಗೆಯ ಪ್ರವಾಹದಲ್ಲಿ ಗುತ್ತಿಯ ನಾಯಿ ಹುಲಿಯ ಕೊಚ್ಚಿಹೋಗುವಾಗ ನನ್ನ ಪಕ್ಕದಲ್ಲಿದ್ದ ಅಪರಿಚಿತ ಮುದುಕರೊಬ್ಬರು ಬಿಕ್ಕಿ ಬಿಕ್ಕಿ ಅತ್ತರು. ಬೆಳಗಾದ ಮೇಲೆ ಚಹಾ ಕುಡಿಯುತ್ತ, ಕಾದಂಬರಿ ಓದಿದ್ದೀರಾ ಎಂದು ಕೇಳಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಮಗ ಕರೆದುಕೊಂಡು ಬಂದಿದ್ದನಂತೆ.

ಅಡಿಕೆಹಾಳೆ
ಎರಡು ದಿನ ಈ ಕಡೆ ಬರಲಾಗಲಿಲ್ಲ. ಎಲ್ಲವನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೆಟ್ಟುಗತ್ತಿ ಅಮ್ಮನವರ ಚೊಗರಿನ ಮಾತು ಬಂದಾಗ ಅಮ್ಮ ತಮ್ಮ ಕೈ ತೆಗೆದು ನೋಡಿಕೊಂಡರು.

ನಿನ್ನೆಯಿಂದ ಮಗಳು ಮೊಬೈಲ್‌ನಲ್ಲಿ ಅಜ್ಜಿಯ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಳೆ. ಪ್ರಶ್ನೆಗಳನ್ನು ತಾನೇ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಾಳೆ. ಮೊದಲನೆಯದು ಅದೇ. "ಅಜ್ಜಿ, ನಿನ್ನ ತವರುಮನೆಯ ಅಂಗಳವನ್ನು ಗುಡಿಸುತ್ತಿದ್ದವರು ಯಾರು?" ಅಮ್ಮ ತಡವರಿಸದೆ ಒಬ್ಬ ಹೆಂಗಸಿನ ಹೆಸರು ಹೇಳಿದರು. ಅರವತ್ತು ವರ್ಷದ ಹಿಂದಿನ ಹೆಸರು. ನಾನು ಈವರೆಗೆ ಒಮ್ಮೆಯೂ ಕೇಳಿರಲಿಲ್ಲ. ಆಕೆಯ ಪೊರಕೆ ಬೇರೆಯೇ ಇತ್ತಂತೆ, ಕಾಡಿನ ಯಾವುದೋ ಗಿಡದ ಕಡ್ಡಿಯದು, ತಾನೇ ಕಟ್ಟಿಕೊಳ್ಳುತ್ತಿದ್ದಳಂತೆ. ಕೂಲಿಯಾಗಿ ಕೊಡುತ್ತಿದ್ದ ಭತ್ತವನ್ನು ಅಳೆಯುವಾಗ ಅಮ್ಮ ಚಿಕ್ಕ ಹುಡುಗಿ, ಕೊಳಗ ಹಿಡಿದು ನಿಲ್ಲುತ್ತಿದ್ದರು. ಒಮ್ಮೆ ಯಾರೂ ನೋಡದಾಗ ರಾಶಿ ಹಾಕಿ ಅಳೆದು ಕೊಟ್ಟದ್ದಕ್ಕೆ ಅವರ ಅಪ್ಪನಿಂದ ಏಟು ತಿಂದರಂತೆ. ಇದನ್ನು ಹೇಳುವಾಗ ಅಮ್ಮನ ದನಿ ನಡುಗಿತು. ಮಗಳು ಮುದ್ರಣ ನಿಲ್ಲಿಸಿ ನೀರು ತಂದುಕೊಟ್ಟಳು.

ಆ ಹೆಂಗಸಿನ ಹೆಸರನ್ನು ಇಲ್ಲಿ ಹಾಕುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಇರಬಹುದು. ಮಗಳ ನೋಟ್‌ಬುಕ್‌ನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿದೆ. 'ಜಲಗಾರ'ವನ್ನು ಇವತ್ತು ಗ್ರಂಥಾಲಯದಿಂದ ತಂದೆ. ರಜೆಯಲ್ಲಿ ಬಾಲವನಕ್ಕೂ ಹೋಗುತ್ತೇವೆ.

ಹಳೆಯ ಮೇಷ್ಟ್ರು
ಕೊಳಗ ಎಂದರೆ ಏನೆಂದು ಮಗಳಿಗೆ ಹೇಳಿದಿರಾ? ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಳೆಯುವಾಗ ಮೇಲೆ ರಾಶಿ ನಿಲ್ಲಿಸುವುದಕ್ಕೂ ಸಮಕ್ಕೆ ಸವರುವುದಕ್ಕೂ ಒಂದು ಮನೆಯ ಗಂಜಿಯಷ್ಟು ವ್ಯತ್ಯಾಸವಿರುತ್ತಿತ್ತು. ನಿಮ್ಮ ತಾಯಿ ಏಟು ತಿಂದದ್ದು ಆ ಗಂಜಿಗಾಗಿ.

ಗೊರಬು
ಅಡಿಕೆಹಾಳೆ ಅವರೇ, ಆ ಹೆಂಗಸು ಯಾವ ಊರಿನ ಕಡೆಯವರು ಎಂದು ಅಮ್ಮನನ್ನು ಕೇಳಿ ನನಗೆ ಖಾಸಗಿಯಾಗಿ ತಿಳಿಸುತ್ತೀರಾ? ನಮ್ಮ ಅಜ್ಜಿಯ ತಂಗಿಯನ್ನು ಕೊಪ್ಪದ ಕಡೆಗೇ ಕೊಟ್ಟಿದ್ದರು. ಅವರೂ ಪೊರಕೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು ಎಂದು ಅಪ್ಪ ಈಗಷ್ಟೇ ಹೇಳಿದರು.